ಕಡೇ ಪಂಕ್ತಿಯ ದೊಡ್ಡಗೌರಿ

ಎಲೆಗೆರೆಪುರ, ಮಳವಳ್ಳಿ ಸೀಮೆ
ಇಸವಿ 2178, ಎರಡನೇ ಬೇಸಿಗೆಯ ಒಂಬತ್ತನೇ ದಿನ

ನಮಗಿಂತ ಒಂದೂವರೆ ಶತಮಾನ ಮೊದಲು ಹಸು ಕಟ್ಟಿಕೊಂಡಿರುವ ಹಿರಿಯರಿಗೆ,

ಮೇಲಿನ ತಾರೀಖು ಕೈತಪ್ಪಲ್ಲ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ನಿಮ್ಮ ಭಾದ್ರಪದದ ಹೊತ್ತಿಗೆ ಎರಡನೆಯದು ಶುರುವಾಗುತ್ತದೆ. ಈ ಕಾಗದದಲ್ಲಿ ನಿಮ್ಮ ಕಿವಿಗೆ ಬೀಳದ ಕೆಲವು ಪದಗಳು ಬರುತ್ತವೆ. ಅದಕ್ಕೆ ಕ್ಷಮೆ ಇರಲಿ, ಬಂದ ಕಡೆಯಲ್ಲೇ ಬಿಡಿಸಿ ಹೇಳುತ್ತೇನೆ. ಸಿಟ್ಟಿನ ಮಾತುಗಳೂ ಬರುತ್ತವೆ. ಅವಕ್ಕೆ ಕ್ಷಮೆ ಕೇಳುವುದಿಲ್ಲ.

ಮೊದಲು ನೆಮ್ಮದಿಯ ಸುದ್ದಿ. ಈ ಬೆಳಿಗ್ಗೆ ಹಾಲು ಮಂಡಲಿಯವರು ನಮ್ಮ ಕೊಟ್ಟಿಗೆಯ ಹಾಲು ಶುದ್ಧವಾಗಿದೆ ಎಂದು ತಿಳಿಸಿದರು. ಕೊಟ್ಟಿಗೆ ಮುಚ್ಚುವುದಿಲ್ಲ. ಹಸುಗಳನ್ನು ಊರೂರಿಗೆ ಹಂಚುವುದಿಲ್ಲ. ಹಟ್ಟಿಯ ಹೆಂಗಸರು ಗಂಡಸರೆನ್ನದೆ ಎಲ್ಲರೂ ಹಾಲು ಕಾಯಿಸಿ ಬೆಲ್ಲ ಹಾಕಿಕೊಂಡು ಕುಡಿದೆವು. ನಾನು ಗ್ರಂಥಾಲಯ ನೋಡಿಕೊಂಡು ನಿವೃತ್ತಳಾದವಳು, ಸಭೆಗಳಲ್ಲಿ ಎದ್ದು ನಿಂತು ಜಗಳವಾಡುವವಳೆಂದೇ ಊರಿಗೆ ಪರಿಚಿತಳು. ಅಂಥವಳೂ ಇವತ್ತು ಯಾರ ಮೇಲೂ ರೇಗದೆ ಎರಡು ಲೋಟ ಕುಡಿದೆ.

ನಮ್ಮ ಕಾಲದಲ್ಲಿ ಹೆಚ್ಚಿನವರು ಕುಡಿಯುವುದು ತೊಟ್ಟಿಹಾಲು. ಹಸುವೇ ಇಲ್ಲದೆ ದೊಡ್ಡ ತೊಟ್ಟಿಗಳಲ್ಲಿ ಹುದುಗು ಬರಿಸಿ ಮಾಡುವಂಥದ್ದು. ಬೆಳ್ಳಗಿರುತ್ತದೆ, ಕೆನೆಯೂ ಕಟ್ಟುತ್ತದೆ, ಹೆಪ್ಪು ಹಾಕಿದರೆ ಮಾತ್ರ ಮುನಿಸಿಕೊಂಡವರ ಹಾಗೆ ಕೂರುತ್ತದೆ. ಹಸುವಿನ ಹಾಲು ಬೇಕೆನ್ನುವ ಊರುಗಳು ಸೇರುಕೊಟ್ಟಿಗೆ ಇಟ್ಟುಕೊಂಡಿವೆ, ಅಂದರೆ ಹತ್ತಾರು ಮನೆಗಳ ಹಸುಗಳಿಗೆ ಒಂದೇ ಸೂರು. ನಮ್ಮ ಸೂರು ಮಧ್ಯಾಹ್ನವಿಡೀ ತುಂತುರು ಚಿಮುಕಿಸುತ್ತದೆ. ಅದಿಲ್ಲದಿದ್ದರೆ ಈ ಸೆಕೆಗೆ ಹಸು ಮೇವಿಗೆ ಬಾಯಿ ಹಾಕುವುದಿಲ್ಲ. ಕೊರಳಲ್ಲಿ ಕೊರಳಗಿವಿ ಎಂಬ ಬಿಲ್ಲೆ ಇರುತ್ತದೆ. ಅದು ಮೆಲುಕಿನ ಸದ್ದು ಕೇಳಿಸಿಕೊಂಡು, ಕಡಿಮೆಯಾದರೆ ನಮ್ಮನ್ನು ಕೂಗುತ್ತದೆ. ಕರೆಯುವುದಕ್ಕೆ ಹಾಲಗೈ, ನಾಲ್ಕು ಮೊಲೆಗೆ ನಾಲ್ಕು ಬಟ್ಟಲು ಹಾಕಿ ಮೆಲ್ಲಗೆ ಎಳೆಯುವ ಯಂತ್ರ. ಒಂದು ಕೊಟ್ಟಿಗೆಗೆ ಒಂದೇ ಹಾಲಗೈ. ಒಂದು ಹಸುವಿನಿಂದ ಬಿಡಿಸಿ ಇನ್ನೊಂದಕ್ಕೆ ಹಾಕುತ್ತೇವೆ. ನಿಮ್ಮಲ್ಲೂ ಇಂಥ ಯಂತ್ರ ಬಂದಿದೆ ಎಂದು ಓದಿದ್ದೇನೆ.

ಇಷ್ಟೆಲ್ಲ ಇದ್ದೂ ಹೋದ ವರ್ಷದಿಂದ ನಮ್ಮ ಹಾಲು ಇಳಿಯುತ್ತಾ ಬಂತು. ಕೆನೆ ತೆಳುವಾಯಿತು. ಮಂಡಲಿಯವರ ಪರೀಕ್ಷೆಯಲ್ಲಿ ಕೀವಿನ ಕಣ ಮಿತಿ ಮೀರಿತ್ತು. ಹಿಂಡಿ ಹೆಚ್ಚಿಸಿದೆವು, ಹಸಿರು ಮೇವು ಬದಲಿಸಿದೆವು, ನೀರಿನ ತೊಟ್ಟಿ ದಿನವೂ ಉಜ್ಜಿದೆವು. ಎರಡನೇ ಬೇಸಿಗೆಯೊಳಗೆ ಸರಿಹೋಗದಿದ್ದರೆ ಕೊಟ್ಟಿಗೆಗೆ ಬೀಗ ಎಂದು ಮಂಡಲಿ ಹೇಳಿಬಿಟ್ಟಿತು. ಕೊರಳಗಿವಿಗಳು ಎಲ್ಲ ಚೆನ್ನಾಗಿದೆ ಎನ್ನುತ್ತಲೇ ಇದ್ದವು. ಅವು ಕೇಳುವುದು ಮೆಲುಕನ್ನು, ಕೆಚ್ಚಲನ್ನಲ್ಲ.

ಪಶುವೈದ್ಯೆ ಮುಬೀನಾ ಬಂದು ಒಂದೊಂದು ಮೊಲೆಯ ಹಾಲನ್ನೂ ಬೇರೆಬೇರೆಯಾಗಿ ನೋಡಿದರು. ನಮ್ಮ ದೊಡ್ಡಗೌರಿಗೆ ಕೆಚ್ಚಲು ಬಾವು. ಊತವಿಲ್ಲ, ನೋವಿಲ್ಲ, ಹಾಲು ನೋಡಲು ಬೆಳ್ಳಗೇ ಇದೆ. ಒಳಗೊಳಗೇ ಇರುವ ಬಾವು. ದೊಡ್ಡಗೌರಿ ಕೊಟ್ಟಿಗೆಯ ಹಿರಿಯಳು, ಅಲ್ಲಿರುವ ಮುಕ್ಕಾಲು ಪಾಲು ಹಸುಗಳಿಗೆ ತಾಯಿ ಇಲ್ಲವೇ ಅಜ್ಜಿ. ಅವಳ ಹಣೆಗೆ ಅರಿಶಿನವಿಟ್ಟು ಮೊದಲು ಅವಳಿಗೆ ಬಟ್ಟಲು ಹಾಕಿದ ಮೇಲೇ ಮಿಕ್ಕವುಗಳ ಸರದಿ. ಅದು ನಮ್ಮ ಪದ್ಧತಿ. ಆ ಪದ್ಧತಿಯಿಂದಲೇ ಅವಳ ಬಾವು ದಿನಕ್ಕೆರಡು ಸಲ ಬಟ್ಟಲಿನೊಂದಿಗೆ ಮಕ್ಕಳು ಮೊಮ್ಮಕ್ಕಳಿಗೆ ದಾಟುತ್ತಿತ್ತು.

ಎಳೆಯದನ್ನು ಮೊದಲು ಕರೆಯಿರಿ, ಬಾವು ಇರುವುದನ್ನು ಕೊನೆಗೆ ಕರೆದು ಅದರ ಹಾಲು ಬೇರೆ ಚೆಲ್ಲಿರಿ, ಬಟ್ಟಲನ್ನು ಬಿಸಿನೀರಲ್ಲಿ ತೊಳೆಯಿರಿ ಎಂದರು ಮುಬೀನಾ. ಕೊಟ್ಟಿಗೆಯ ಯಜಮಾನಿಕೆ ಮಾಡುವ ಮರಿಜವರಯ್ಯ ಆಗುವುದಿಲ್ಲವೆಂದು ತಲೆಯಾಡಿಸಿಬಿಟ್ಟ.

"ಅಜ್ಜಿ ಕುಂತಿರುವಾಗ ಮೊಮ್ಮಗಳಿಗೆ ಎಲೆ ಹಾಕ್ತಾರಾ ಡಾಕ್ಟ್ರವ್ವ? ಪಾಪ ಸುತ್ಕತದೆ."

"ಹಂಗಾದ್ರೆ ಮರ್ಯಾದೆ ಮಾಡ್ಕೊಂಡೇ ಬೀಗ ಹಾಕ್ಕೊಳ್ಳಿ, ಜವರಣ್ಣ," ಎಂದು ಮುಬೀನಾ ಚೀಲ ಹೆಗಲಿಗೇರಿಸಿದರು.

ದೊಡ್ಡಗೌರಿಯನ್ನು ಮಾರಿಬಿಡೋಣ ಎಂದು ಯಾರೋ ಹಿಂದಿನಿಂದ ಗೊಣಗಿದರು. ಅಲ್ಲಿಯವರೆಗೆ ಕಟ್ಟೆಯ ಮೇಲೆ ಎಲೆಯಡಿಕೆ ಮೆಲ್ಲುತ್ತಿದ್ದ ದೇವೀರಮ್ಮ ಬಾಯಿ ಒರೆಸಿಕೊಂಡಳು. ದೊಡ್ಡಗೌರಿ ಅವಳ ಮನೆಯ ಹಸು.

"ಲೇ ಜವರ, ನಿನ್ನ ಮಗಳ ಮದುವೇಲಿ ನೀನು ಎಷ್ಟನೇ ಪಂಕ್ತೀಲಿ ಉಂಡೆ?"

"ಕಡೇ ಪಂಕ್ತೀಲಿ. ಮದುವೆ ಮನೆ ಯಜಮಾನ ನಾನು, ಬಂದೋರಿಗಿಂತ ಮುಂಚೆ ಉಣ್ಣಕಾಯ್ತದಾ ಚಿಕ್ಕವ್ವ?"

"ಕಡೇಲಿ ಉಂಡಿದ್ದಕ್ಕೆ ನಿನ್ನ ಮಾನ ಹೋಯ್ತಾ?"

"ಅದ್ಯಾಕೆ ಹೋದದು?"

"ಮತ್ತೆ ಈ ಕೊಟ್ಟಿಗೆ ಯಜಮಾನಿ ಯಾರ್ಲಾ? ನೀನಾ, ನನ್ನ ಗೌರಿನಾ?"

ಮರಿಜವರಯ್ಯ ತಲೆ ಕೆರೆದುಕೊಂಡ. "ಅದ್ಕೆ ನಾನಂತೂ ಕಡೇ ಪಂಕ್ತಿ ಅಂತ್ಲೇ ಯೋಳೋದು, ಬುಡು," ಎಂದ, ಮೊದಲಿನಿಂದಲೂ ತಾನು ಹೇಳುತ್ತಿದ್ದುದೇ ಅದು ಎನ್ನುವ ಹಾಗೆ. ಮುಬೀನಾ ಚೀಲ ಕೆಳಗಿಟ್ಟರು.

ಮಾರನೆಯ ಬೆಳಿಗ್ಗೆ ಚೊಚ್ಚಲ ಹಸುವಿಗೆ ಮೊದಲು ಬಟ್ಟಲು ಹಾಕಿದಾಗ ದೊಡ್ಡಗೌರಿ ಕೊಟ್ಟಿಗೆ ಅದುರುವಂತೆ ಕೂಗಿದಳು, ನೀರಿನ ಬಕೆಟ್ಟನ್ನು ಒದ್ದಳು. ದೇವೀರಮ್ಮ ಪಕ್ಕದಲ್ಲಿ ನಿಂತು ಕೊರಳ ಕೆಳಗಿನ ಗಂಗೆದೊಗಲು ನೀವುತ್ತಾ, "ಇರವ್ವ, ಮಕ್ಕಳುಮರೀದು ಆಗ್ಲಿ," ಎನ್ನುತ್ತಿದ್ದಳು. ವಾರ ಕಳೆಯುವುದರೊಳಗೆ ಗೌರಿಗೂ ಒಗ್ಗಿತು. ಕರೆದ ಮೇಲೆ ಮೊಲೆಗಳನ್ನು ಔಷಧಿಯಲ್ಲಿ ಅದ್ದಿದೆವು. ಕರೆಯುವ ಮೊದಲು ಮೇವು ಹಾಕುತ್ತಿದ್ದವರು ಆಮೇಲೆ ಹಾಕತೊಡಗಿದೆವು. ತಿನ್ನುತ್ತಾ ನಿಂತರೆ ಹಸು ತಕ್ಷಣ ಸಗಣಿಯ ಮೇಲೆ ಮಲಗುವುದಿಲ್ಲ, ಅಷ್ಟರಲ್ಲಿ ಮೊಲೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಮುಂದಿನ ಕರುವಿಗೆ ಮುಂಚೆ ಹಾಲು ಬತ್ತಿಸಿದ ಕಾಲದಲ್ಲಿ ದೊಡ್ಡಗೌರಿಗೆ ಔಷಧಿಯಾಯಿತು. ಹಿಂಡಿ ಹೆಚ್ಚಿಸಿದರೂ ಏರದಿದ್ದ ಹಾಲು, ಸರದಿ ಬದಲಿಸಿದ್ದಕ್ಕೆ ಏರಿತು. ಕೆನೆ ಮತ್ತೆ ದಪ್ಪಗೆ ಕಟ್ಟಿತು.

ಈಗ ನನ್ನ ಸಿಟ್ಟಿಗೆ ಬರುತ್ತೇನೆ. ಇದರಲ್ಲಿ ಹೊಸದು ಏನೂ ಇಲ್ಲ. ಎಳೆಯದು ಮೊದಲು, ರೋಗದ್ದು ಕೊನೆಗೆ, ಕರೆದ ಮೇಲೆ ಮೊಲೆ ಅದ್ದಿ, ಆಮೇಲೆ ಮೇವು ಹಾಕಿ: ಇದೆಲ್ಲ ನಿಮ್ಮ ಕಾಲದಲ್ಲೇ ಗೊತ್ತಿತ್ತು. ನಾನು ಓದಿದ್ದೇನೆ. ಅಚ್ಚು ಹಾಕಿಸಿ ಹಂಚಿದ್ದಿರಿ, ಗೋಡೆಗೆ ಅಂಟಿಸಿದ್ದಿರಿ, ಅದರ ಕೆಳಗೇ ನಿಂತು ಹಾಲಿನ ಕ್ಯಾನು ತೊಳೆಯುತ್ತಿದ್ದಿರಿ. ಗೊತ್ತಿದ್ದದ್ದನ್ನು ಕೊಟ್ಟಿಗೆಯೊಳಕ್ಕೆ ತರಲು ಒಂದೂವರೆ ಶತಮಾನ ಬೇಕೇ? ಅದೂ ಒಬ್ಬ ಮುದುಕಿ ಮದುವೆಯೂಟ ನೆನಪಿಸಿದ ಮೇಲೆ? ನಡುವಿನ ಕಾಲದಲ್ಲಿ ಹಾಲು ಇಳಿಯಿತೆಂದು ಮಾರಿಹೋದ ಹಸುಗಳನ್ನು ನೆನೆದರೆ, ಈ ನೆಮ್ಮದಿಯ ದಿನವೂ ನನ್ನ ಸಿಟ್ಟು ಇಳಿಯುವುದಿಲ್ಲ.

ಇಷ್ಟು ಕೇಳಿಕೊಳ್ಳುತ್ತೇನೆ. ನಾಳೆ ಬೆಳಿಗ್ಗೆ ಬಕೆಟ್ಟು ಹಿಡಿದು ಕೊಟ್ಟಿಗೆಗೆ ಹೋದಾಗ, ಅಭ್ಯಾಸದ ಕಾಲು ಯಾವ ಹಸುವಿನ ಹತ್ತಿರ ಮೊದಲು ಹೋಗುತ್ತದೆ ನೋಡಿ. ಅದು ಮುದಿಯದಾದರೆ ಅಲ್ಲೇ ತಡೆಯಿರಿ. ಅದನ್ನು ಮಾರಬೇಡಿ, ಕಡೇ ಪಂಕ್ತಿಗೆ ನಿಲ್ಲಿಸಿ. ಕೂಗುತ್ತದೆ, ಒದೆಯುತ್ತದೆ, ಕಿವಿಗೆ ಹಾಕಿಕೊಳ್ಳಬೇಡಿ. ಎಲ್ಲರದೂ ಮುಗಿದ ಮೇಲೆ ಅದರ ಹತ್ತಿರ ಬಂದು, ಹಣೆಗೆ ಅರಿಶಿನವಿಟ್ಟು, ಯಜಮಾನಿಗೆ ಹೇಳುವ ಹಾಗೆ ಹೇಳಿ: ಎಲ್ಲರದೂ ಆಯಿತು ತಾಯಿ, ಇನ್ನು ನೀನು ಊಟಕ್ಕೆ ಏಳು.

ನಿಮ್ಮವಳೇ,
ಸೋಮಲತಾ ಚಿಕ್ಕಲಿಂಗಯ್ಯ