ಮಡಿಲಕ್ಕಿಗೆ ಪರ್ಮಿಟ್ಟು ಕೇಳಿದವರಿಗೆ

ಗಡಿಯ ಗೇಟಿನಲ್ಲಿ ಧಾನ್ಯ ಹಿಡಿಸುವ ಮೇಲಧಿಕಾರಿಗಳಿಗೆ,

ಮಾನ್ಯರೇ,

ಕಳೆದ ತಿಂಗಳು ಒಂದು ಬುಧವಾರ ಮಧ್ಯಾಹ್ನ, ಕೊಳ್ಳೇಗಾಲದಿಂದ ಯಳಂದೂರಿಗೆ ಬರುವ ಬಸ್ಸನ್ನು ಗೇಟಿನಲ್ಲಿ ತಡೆದು ನಿಮ್ಮ ಇನ್ಸ್‌ಪೆಕ್ಟರು ಅಕ್ಕಿ ಕಳ್ಳಿಯೊಬ್ಬಳನ್ನು ಹಿಡಿದರು. ಅವಳ ಕಂಕುಳಲ್ಲಿ ಒಂದು ವರ್ಷ ಹತ್ತು ತಿಂಗಳ ಹೆಣ್ಣುಮಗು ಇತ್ತು. ಮಡಿಲಲ್ಲಿ ತವರಿನವರು ತುಂಬಿದ ಅಕ್ಕಿ ಇತ್ತು. ಆ ಕಳ್ಳಿ ನಾನೇ. ನನ್ನ ಮಡಿಲನ್ನು ನಡುರಸ್ತೆಯಲ್ಲಿ ಬರಿದು ಮಾಡಿಸಿ ದೇಶದ ಆಹಾರ ಸಮಸ್ಯೆಯನ್ನು ನೀವು ಎಷ್ಟರ ಮಟ್ಟಿಗೆ ಬಗೆಹರಿಸಿದಿರಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಖಾಸಗಿಯಾಗಿ ಬರೆದ ಎರಡು ಅರ್ಜಿಗಳಿಗೆ ನಿಮ್ಮಿಂದ ಉತ್ತರ ಬರಲಿಲ್ಲ. ಆದ್ದರಿಂದ ಇದನ್ನು ಊರವರೆಲ್ಲ ಓದಲಿ.

ಇದನ್ನು ನನ್ನ ಯಜಮಾನರು ಬರೆದುಕೊಟ್ಟಿದ್ದಾರೆಂದು ನಿಮ್ಮ ಗುಮಾಸ್ತರು ಅಂದುಕೊಳ್ಳುವುದು ಬೇಡ. ಅಂಗಡಿ ಇಟ್ಟುಕೊಂಡವರಿಗೆ ಅಧಿಕಾರಿಗಳ ವೈರ ಯಾಕೆ ಎಂಬುದು ಅವರ ಅಭಿಪ್ರಾಯ. ನಾನು ಲೋಯರ್ ಸೆಕೆಂಡರಿ ಪಾಸು ಮಾಡಿದವಳು. ಕೋಪ ನನ್ನದು, ಕೈಬರಹವೂ ನನ್ನದೇ.

ಕಾನೂನು ನನಗೆ ತಿಳಿಯದೆಂದಲ್ಲ. ನಾನು ಹುಟ್ಟಿದ ಮಧುವನಹಳ್ಳಿ ಮದರಾಸಿಗೆ ಸೇರಿದ್ದು, ಸೇರಿದ ಮನೆ ಇರುವ ಯಳಂದೂರು ಮೈಸೂರಿನದು. ನಡುವೆ ಇರುವುದು ಹದಿಮೂರು ಮೈಲಿ ಹಾದಿ. ನನ್ನನ್ನು ನೋಡಲು ಬಂದ ದಿನ ಎರಡು ಕಡೆಯ ಹಿರಿಯರೂ ಮನೆತನ ವಿಚಾರಿಸಿದರು, ಮಠ ಯಾವುದೆಂದು ವಿಚಾರಿಸಿದರು, ನನ್ನ ನಡಿಗೆಯನ್ನೂ ಗಮನಿಸಿದರು. ನಕ್ಷೆ ಬಿಚ್ಚಿ ನೋಡಬೇಕೆಂದು ಪಾಪ ಅವರಿಗೆ ಹೊಳೆಯಲಿಲ್ಲ. ಈಗ ನನ್ನ ತಾಯಿಯ ಮನೆಯ ಅಕ್ಕಿ ನನ್ನ ಮನೆಗೆ ಬಂದರೆ ಅದು ಒಂದು ರಾಜ್ಯದ ಧಾನ್ಯ ಇನ್ನೊಂದಕ್ಕೆ ಕದ್ದುಹೋದಂತೆ. ಸ್ವಾತಂತ್ರ್ಯ ಬಂದು ಮೂರು ವರ್ಷ ಆಗುತ್ತ ಬಂತು, ಮಗಳಿಗೆ ಅಕ್ಕಿ ಕೊಡುವ ಸ್ವಾತಂತ್ರ್ಯ ಮಾತ್ರ ಇನ್ನೂ ನಿಮ್ಮ ಗೇಟಿನ ಆಚೆಯೇ ನಿಂತಿದೆ.

ಇನ್ನು ಅಕ್ಕಿಯ ವಿಷಯ. ನನ್ನ ಮಗಳು ಚನ್ನಾಜಿಗೆ ಮಾಘದಲ್ಲಿ ಭೇದಿ ಹತ್ತಿತು. ಹನ್ನೊಂದು ದಿನ ನಿಲ್ಲಲಿಲ್ಲ. ಓಡಾಡುತ್ತಿದ್ದ ಮಗು ಮತ್ತೆ ಅಂಬೆಗಾಲಿಗೆ ಇಳಿಯಿತು, ಆಮೇಲೆ ಅದೂ ಇಲ್ಲದೆ ಮಲಗಿತು. ನಮ್ಮೂರ ಪಂಡಿತರು ಔಷಧಿ ಕೊಟ್ಟು, ಔಷಧಿಗಿಂತ ಪಥ್ಯ ಮುಖ್ಯ, ಮೂರು ವರ್ಷದ ಹಳೆ ಅಕ್ಕಿಯ ಗಂಜಿ ಬಿಟ್ಟು ಬೇರೇನೂ ಹೊಟ್ಟೆಗೆ ಹೋಗಕೂಡದು ಎಂದರು. ಹಳೆ ಅಕ್ಕಿ ಎಲ್ಲಿ ತರುವುದು? ಪಡಿತರದ ಅಂಗಡಿಯಲ್ಲಿ ಸಿಗುವುದು ನೀರು ಕುಡಿದು ಮುಗ್ಗಲು ಹಿಡಿದ ಅಕ್ಕಿ. ಅದನ್ನು ಆರು ಸಲ ತೊಳೆದರೂ ಗೋಣಿಚೀಲದ ವಾಸನೆ ಹೋಗುವುದಿಲ್ಲ. ನನ್ನ ತವರಿನಲ್ಲಿ ಬಾಣಂತಿಯರಿಗೆ, ಕಾಯಿಲೆಯವರಿಗೆ ಎಂದು ಒಂದು ಮಣ್ಣಿನ ವಾಡೆ ತುಂಬ ಹಳೆ ಅಕ್ಕಿ ಯಾವಾಗಲೂ ಇರುತ್ತದೆ. ಮಗುವನ್ನು ಅಲ್ಲಿಗೆ ಎತ್ತಿಕೊಂಡು ಹೋದೆ. ಹದಿನೈದು ದಿನ ಆ ಗಂಜಿ ಕುಡಿದು ಚನ್ನಾಜಿ ಎದ್ದು ಕುಳಿತಳು, ನಡೆದಳು, ಅವಳಜ್ಜನ ಕೋಲು ಕಿತ್ತುಕೊಂಡು ಕೋಳಿ ಓಡಿಸಿದಳು. ಪಥ್ಯ ಇನ್ನೊಂದು ತಿಂಗಳು ನಡೆಯಬೇಕಿತ್ತು. ಅದಕ್ಕೆ ಎರಡು ಸೇರು ಅಕ್ಕಿ ಸಾಕು. ನಾನು ಕದ್ದು ಸಾಗಿಸಲು ಹೊರಟ ಮಾಲು ಅಷ್ಟೇ.

ಹೊರಡುವ ದಿನ ನನ್ನ ತಾಯಿ ದೊಡ್ಡಬಸಮ್ಮ ನನ್ನನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದರು. ಐದು ಬೊಗಸೆ ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು, ಎಲೆ ಅಡಿಕೆ, ಅರಿಶಿನದ ಕೊಂಬು. ತವರಿನಿಂದ ಹೊರಟ ಮಗಳು ಬರಿಮಡಿಲಲ್ಲಿ ಹೊಸ್ತಿಲು ದಾಟುವುದು ನಮ್ಮಲ್ಲಿ ಇಲ್ಲ. ಆಮೇಲೆ ಮಗುವಿನ ಎರಡು ಸೇರನ್ನು ನಾನು ಚೀಲಕ್ಕೆ ಹಾಕಿಕೊಳ್ಳಲು ಹೋದರೆ ಅವ್ವ ಬಿಡಲಿಲ್ಲ. ಅದನ್ನೂ ನನ್ನ ಮಡಿಲಿಗೇ ಸುರಿದು ಸೆರಗನ್ನು ಬಿಗಿಯಾಗಿ ಕಟ್ಟಿದರು. "ಚೀಲ್ದಲ್ಲಿ ತಕಂಡೋದ್ರೆ ಗೇಟ್ನೋರು ಕಿತ್ಕತಾರೆ ಕಣವ್ವ. ಮಡ್ಲಕ್ಕಿಗೆ ಯಾವ ಸರ್ಕಾರ ಕೈ ಆಕ್ತದೆ? ಅಲ್ಲಿದ್ರೆ ಯಾರೂ ಮುಟ್ಟಕಿಲ್ಲ" ಎಂದರು. ನನಗೂ ಅದು ಸರಿಯೆನಿಸಿತು. ನಮ್ಮ ತಪ್ಪು ಇದೊಂದೇ ಮಾನ್ಯರೇ, ಇದನ್ನು ನಾನು ಒಪ್ಪಿಕೊಳ್ಳುತ್ತೇನೆ. ಮಡಿಲು ತುಂಬಿದ ಹೆಂಗಸಿನ ಸೆರಗಿಗೆ ಕೈ ಚಾಚುವವರು ಈ ಸೀಮೆಯಲ್ಲಿ ಹುಟ್ಟಿಲ್ಲವೆಂದು ನಂಬಿದೆವು. ನೀವು ಹೊರಗಿನಿಂದ ಬಂದವರೆಂಬುದನ್ನು ಮರೆತೆವು.

ಎರಡು ವರ್ಷ ತುಂಬದ ಮಗುವನ್ನು ಕರೆದುಕೊಂಡು ನೀವು ಎಂದಾದರೂ ಬಸ್ಸಿನಲ್ಲಿ ಬಂದಿದ್ದೀರೋ? ಜೀಪಿನಲ್ಲಿ ಅಲ್ಲ, ಬಸ್ಸಿನಲ್ಲಿ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಒಂದೂವರೆ ತಾಸು ಕಾದೆವು. ಅಷ್ಟರಲ್ಲಿ ಚನ್ನಾಜಿ ಎರಡು ಸಲ ಚಪ್ಪಲಿ ಅಂಗಡಿಗೆ ನುಗ್ಗಿದಳು, ಒಂದು ಸಲ ಯಾರದೋ ಮೇಕೆಯ ಕಿವಿ ಹಿಡಿದು ಬಿಡಲಿಲ್ಲ. ಬಸ್ಸು ಹತ್ತಿದ ಮೇಲೆ ಕಿಟಕಿ ಬೇಕು ಅಂದಳು, ಕಿಟಕಿ ಸಿಕ್ಕಿದ ಮೇಲೆ ಕೆಳಗೆ ಬಿಡು ಅಂದಳು, ಕೆಳಗೆ ಬಿಟ್ಟರೆ ಮುಂದಿನ ಸೀಟಿನ ರೇಷ್ಮೆ ವ್ಯಾಪಾರಿಯ ಶಲ್ಯ ಎಳೆದಳು. ಅವರು ಎತ್ತಿ ಮುದ್ದಾಡಿದರು, ಇವಳು ಅವರ ಪಂಚೆಯನ್ನು ಒದ್ದೆ ಮಾಡಿದಳು. ಅವರು ನಕ್ಕು ಪಂಚೆ ಕೊಡವಿಕೊಂಡರು. ನನಗೆ ಒಂದು ಕೈ ಮಗುವಿಗೆ, ಇನ್ನೊಂದು ಕೈ ಮಡಿಲಿಗೆ. ಬೆವರು ಒರೆಸಲು ಮೂರನೆಯ ಕೈ ಇರಲಿಲ್ಲ. ದೇಶದ ಧಾನ್ಯ ಸಂಪತ್ತನ್ನು ದೋಚುವವರು ಇಷ್ಟು ಕಷ್ಟಪಡುತ್ತಾರೆಂದು ನಿಮ್ಮ ಫೈಲುಗಳಲ್ಲಿ ಬರೆದಿದೆಯೇ?

ಗೇಟಿನಲ್ಲಿ ನಮ್ಮನ್ನು ಇಳಿಸಿದರು. ನಿಮ್ಮ ಇನ್ಸ್‌ಪೆಕ್ಟರು ಗಂಟು ಮೂಟೆಗಳಿಗೆಲ್ಲ ಕಬ್ಬಿಣದ ಸಲಾಕೆ ಚುಚ್ಚಿ ನೋಡಿದರು. ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿದರು. ಅದು ಮಡಿಲಕ್ಕಿ ಎಂದೆ. ಎಷ್ಟಿದೆ ಎಂದರು. ನಾನು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಐದು ಬೊಗಸೆ ಶಾಸ್ತ್ರದ್ದು, ಎರಡು ಸೇರು ಮಗುವಿನ ಪಥ್ಯದ್ದು ಎಂದೆ. ಪಂಡಿತರು ಪಥ್ಯ ಬರೆದುಕೊಟ್ಟಿದ್ದ ಚೀಟಿಯನ್ನೂ ತೋರಿಸಿದೆ. ಚೀಟಿ ಕನ್ನಡದಲ್ಲಿತ್ತು, ಅವರಿಗೆ ಓದಲು ಬರಲಿಲ್ಲ. ಮಾತಾಡಲು ಮಾತ್ರ ಸಾಕಷ್ಟು ಬರುತ್ತಿತ್ತು. "ಚೀಲದಲ್ಲಿ ಇಟ್ಟಿದ್ದರೆ, ಕಾಯಿಲೆ ಮಗು ಅಂತ ಬಿಟ್ಟಿರುತ್ತಿದ್ದೆ. ಮಡಿಲಲ್ಲಿ ಇಟ್ಟರೆ ಅದು ಬಚ್ಚಿಟ್ಟ ಮಾಲು. ಬಿಚ್ಚಮ್ಮಾ" ಎಂದರು.

ಬಸ್ಸಿನ ಗಂಡಸರು ಬೇರೆ ಕಡೆ ಮುಖ ತಿರುಗಿಸಿದರು. ಗೇಟಿನಲ್ಲಿ ತಪಾಸಣೆಗೆ ಹೆಂಗಸು ಯಾರೂ ಇರಲಿಲ್ಲ. ಹನೂರಿನ ಕಡೆಯ ಪುಟ್ಟಗೌರಮ್ಮ ಎಂಬವರು, ಅದುವರೆಗೆ ನನ್ನ ಮುಖ ಕಂಡವರಲ್ಲ, ಮುಂದೆ ಬಂದು ತಮ್ಮ ಸೆರಗನ್ನು ಎರಡು ಕೈಯಲ್ಲಿ ಅಗಲ ಹಿಡಿದು ನನಗೆ ಮರೆಯಾಗಿ ನಿಂತರು. ಆ ಮರೆಯಲ್ಲಿ ನಾನು ಗಂಟು ಬಿಚ್ಚಿದೆ. ನಿಮ್ಮ ಇನ್ಸ್‌ಪೆಕ್ಟರು ಗೋಣಿಚೀಲದ ಬಾಯಿ ತೆರೆದು ಹಿಡಿದಿದ್ದರು. ಅಕ್ಕಿಯ ಜೊತೆ ಅರಿಶಿನದ ಕೊಂಬೂ ಅದಕ್ಕೆ ಬಿತ್ತು. ಅರಿಶಿನಕ್ಕೂ ನಿಯಂತ್ರಣ ಇದೆಯೇ ಎಂದು ಈಗ ಕೇಳುತ್ತಿದ್ದೇನೆ.

ಮುಂದೆ ಆದದ್ದನ್ನು ಬರೆಯಲು ನನಗೆ ಕಷ್ಟವಾಗುತ್ತದೆ. ಸೋಮವಾರ ಸೋಮವಾರ ನಮ್ಮ ಮನೆಯ ಬಾಗಿಲಿಗೆ ಜಂಗಮರು ಬರುತ್ತಾರೆ, ಗುರುಪಾದಸ್ವಾಮಿ ಎಂದು ಅವರ ಹೆಸರು. ಅವರು ಜೋಳಿಗೆ ತೆರೆದರೆ ನಾನು ಚನ್ನಾಜಿಯ ಕೈಯಿಂದಲೇ ಒಂದು ಹಿಡಿ ಧಾನ್ಯ ಹಾಕಿಸುತ್ತೇನೆ. ನಡೆಯಲು ಕಲಿತ ದಿನದಿಂದ ಇದನ್ನೂ ಕಲಿಸಿದ್ದೇವೆ. ಅಂದು ಯಾರೋ ಚೀಲ ತೆರೆದು ನಿಂತಿದ್ದನ್ನು ಅವಳು ಕಂಡಳು. ನನ್ನ ಕಾಲಿನ ಬಳಿ ಚೆಲ್ಲಿದ್ದ ಅಕ್ಕಿಯನ್ನು ಪುಟ್ಟ ಮುಷ್ಟಿಯಲ್ಲಿ ಬಾಚಿ, ತುಂಬಾ ಗಂಭೀರವಾಗಿ, ನಿಮ್ಮ ಇನ್ಸ್‌ಪೆಕ್ಟರ ಚೀಲಕ್ಕೆ ಹಾಕಿದಳು. ಹಾಕಿ, ಎರಡೂ ಕೈ ಜೋಡಿಸಿ, ಅವರ ಬೂಟಿನ ಮುಂದೆ ತಲೆ ಬಗ್ಗಿಸಿ ಶರಣು ಅಂದಳು. ನಿಮ್ಮ ಪೇದೆಗಳಲ್ಲಿ ಇಬ್ಬರು ನಕ್ಕರು. ಇನ್ಸ್‌ಪೆಕ್ಟರು ನಗಲಿಲ್ಲ, ಚೀಲದ ಬಾಯಿ ಕಟ್ಟಿದರು. ನನ್ನ ಮಗಳು ತನ್ನ ಗಂಜಿಯನ್ನು ನಿಮ್ಮ ಇಲಾಖೆಗೆ ಭಿಕ್ಷೆ ನೀಡಿದ್ದಾಳೆ ಮಾನ್ಯರೇ. ನಿಮ್ಮ ಲೆಕ್ಕಪತ್ರಗಳಲ್ಲಿ ಈ ಬಾಬನ್ನು ಎಲ್ಲಿ ಬರೆಯುತ್ತೀರಿ?

ಮಡಿಲಲ್ಲಿ ಇಟ್ಟದ್ದೆಲ್ಲ ಬಚ್ಚಿಟ್ಟದ್ದು ಎಂಬ ನಿಮ್ಮ ನ್ಯಾಯವನ್ನು ನಾನು ತಿಂಗಳಿಂದ ಯೋಚಿಸುತ್ತಿದ್ದೇನೆ. ಮಗುವನ್ನೂ ನಾನು ಮಡಿಲಲ್ಲೇ ಇಟ್ಟುಕೊಳ್ಳುತ್ತೇನೆ, ಅದನ್ನು ಯಾರಿಂದ ಬಚ್ಚಿಟ್ಟ ಹಾಗಾಯಿತು? ಹೆಂಗಸು ತನಗೆ ಅತಿ ಮುಖ್ಯವಾದದ್ದನ್ನು ಇಡುವ ಜಾಗ ಅದು. ನಿಮ್ಮ ತಾಯಿಯೂ ನಿಮ್ಮನ್ನು ಅಲ್ಲಿಯೇ ಇಟ್ಟುಕೊಂಡು ಅನ್ನ ಉಣಿಸಿದರು. ಯಾವ ಗೇಟಿನವರೂ ಬಂದು ನಿಮ್ಮನ್ನು ಜಪ್ತಿ ಮಾಡಲಿಲ್ಲ. ಆ ಇನ್ಸ್‌ಪೆಕ್ಟರು ಕಾನೂನು ಪಾಲಿಸಿದರು ಎನ್ನುತ್ತೀರೇನೋ. ಹಾಗಾದರೆ ಅದೇ ಹೊತ್ತಿಗೆ ನಮ್ಮ ಪಕ್ಕದಲ್ಲೇ ಮೂಟೆ ತುಂಬಿದ ಲಾರಿಯೊಂದು ಪರ್ಮಿಟ್ಟಿನ ಕಾಗದ ಬೀಸಿ, ಚಕ್ರವನ್ನೂ ಪೂರ್ತಿ ನಿಲ್ಲಿಸದೆ ದಾಟಿಹೋಯಿತಲ್ಲ, ಅದರ ಮೂಟೆಗೆ ಸಲಾಕೆ ಯಾಕೆ ಚುಚ್ಚಲಿಲ್ಲ? ಪರ್ಮಿಟ್ಟು ಕೊಡುವ ನಿಮ್ಮ ಕಚೇರಿಯಲ್ಲಿ ಭೇದಿ ಹಿಡಿದ ಮಕ್ಕಳಿಗೆಂದು ಒಂದು ಫಾರಂ ಇದೆಯೇ?

ನನ್ನ ಕೈಗೆ ಒಂದು ರಸೀದಿ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ನಾನು ಮನೆಗೆ ಬಂದ ಮೇಲೆ ನನ್ನ ಯಜಮಾನರಾದ ಸದಾಶಿವಪ್ಪನವರು ಅದನ್ನು ಶಾಲೆಯ ಮೇಷ್ಟ್ರಿಂದ ಓದಿಸಿದರು. ಬಸ್ಸಿನಲ್ಲಿ ವಾರಸುದಾರರಿಲ್ಲದೆ ಸಿಕ್ಕಿದ ಅಕ್ಕಿ ಎಂದು ಬರೆದಿತ್ತು. ನನ್ನ ಸೊಂಟಕ್ಕೆ ಕಟ್ಟಿದ್ದ ಅಕ್ಕಿಗೆ ವಾರಸುದಾರರಿಲ್ಲ. ಹಾಗಾದರೆ ಅಲ್ಲಿ ನಿಂತಿದ್ದವಳು ಯಾರು? ಮೂರನೆಯ ದಿನ ಯಜಮಾನರು ಅಂಗಡಿ ಮುಚ್ಚಿ, ಪಂಡಿತರ ಕೈಯಲ್ಲಿ ಇನ್ನೊಂದು ಕಾಗದ ಬರೆಸಿಕೊಂಡು ಗೇಟಿಗೆ ಹೋದರು. ಇನ್ಸ್‌ಪೆಕ್ಟರು ಸಿಗಲಿಲ್ಲ. ಪೇದೆ ಮಾರಯ್ಯ ಮರದ ಹಿಂದಕ್ಕೆ ಕರೆದು ನಿಜ ಹೇಳಿದನು. "ಸುಳ್ಯಾಕೇಳ್ಲಿ ಸಾ, ಅವತ್ತೇ ಬೇಯ್ಸಿ ಉಂಡ್ಬುಟ್ರು. ನಂಗೂವೆ ಇಕ್ಕುದ್ರು. ಒಂದಗ್ಳು ಇನ್ನೊಂದಕ್ಕೆ ಅಂಟ್ಲಿಲ್ಲ. ಕೂಸಿಂದು ಅಂತ ಗೊತ್ತಿದ್ರೂ ಉಂಡ್ಬುಟ್ಟೆ, ತಪ್ಪಾಯ್ತು" ಎಂದನಂತೆ. ಅವನ ಮೇಲೆ ಕ್ರಮ ಕೈಗೊಳ್ಳಬೇಡಿ. ನಿಮ್ಮ ಇಡೀ ಇಲಾಖೆಯಲ್ಲಿ ತಪ್ಪಾಯ್ತು ಎಂಬ ಮಾತು ಬಂದದ್ದು ಅವನೊಬ್ಬನ ಬಾಯಿಂದ.

ಇತ್ತ ನಾಲ್ಕು ದಿನ ಪಡಿತರದ ಅಕ್ಕಿಯನ್ನೇ ಹುರಿದು ಗಂಜಿ ಮಾಡಿ ನೋಡಿದೆ. ಐದನೆಯ ದಿನ ಭೇದಿ ಮತ್ತೆ ಹತ್ತಿತು. ಚನ್ನಾಜಿಯ ಕಣ್ಣು ಗುಳಿಬಿದ್ದು, ಅಳಲೂ ಶಕ್ತಿಯಿಲ್ಲದೆ ಬಾಯಿ ಮಾತ್ರ ತೆರೆಯುತ್ತಿದ್ದಳು. ಆ ಎರಡು ರಾತ್ರಿ ನಾನು ನಿಮಗೆ ಇಟ್ಟ ಶಾಪಗಳನ್ನು ಇಲ್ಲಿ ಬರೆಯುವುದಿಲ್ಲ, ಹಿಂದಕ್ಕೂ ತೆಗೆದುಕೊಳ್ಳುವುದಿಲ್ಲ. ವಿಷಯ ಕೇಳಿ ಹಿಂದಿನ ಬೀದಿಯ ಸುವರ್ಣಮ್ಮನವರು, ತಮ್ಮ ಸೊಸೆಯ ಬಾಣಂತನಕ್ಕೆಂದು ಮಡಕೆಯಲ್ಲಿ ಇಟ್ಟಿದ್ದ ಹಳೆ ಅಕ್ಕಿಯಲ್ಲಿ ಅರ್ಧ ತಂದುಕೊಟ್ಟರು. ಒಂದು ಕೂಸಿನ ಪಾಲನ್ನು ಇನ್ನೊಂದು ಕೂಸಿಗೆ ಹಂಚಿ ನನ್ನ ಮಗಳನ್ನು ಉಳಿಸಿದವರು ಅವರು. ಆ ಅಕ್ಕಿ ಇನ್ನು ಎಂಟು ದಿನ ಬರುತ್ತದೆ. ಆಮೇಲೆ ಏನು ಮಾಡಲಿ? ತವರಿನಿಂದ ತರಿಸೋಣವೆಂದರೆ ನಡುವೆ ಅದೇ ಗೇಟು ಇದೆ. ತವರಿಗೆ ಹೋಗೋಣವೆಂದರೆ ಅಷ್ಟು ದೂರ ಬಸ್ಸಿನಲ್ಲಿ ಕುಲುಕಾಡುವ ಸ್ಥಿತಿಯಲ್ಲಿ ಮಗು ಇಲ್ಲ. ನನ್ನ ತಾಯಿ, ಮಡಿಲಿಗೆ ಸುರಿದವಳು ನಾನೇ ಅಲ್ಲವೇ ಎಂದು ಮೊಮ್ಮಗಳ ಮುಖ ನೋಡಲು ಬರುತ್ತಿಲ್ಲ. ತಪ್ಪು ಮಾಡದವರು ನಾಚಿಕೆಪಡುತ್ತಿದ್ದಾರೆ, ನಿಮ್ಮ ಕಚೇರಿ ಹತ್ತು ಗಂಟೆಗೆ ಸರಿಯಾಗಿ ಬಾಗಿಲು ತೆರೆಯುತ್ತಿದೆ.

ಮೊನ್ನೆ ಸೋಮವಾರ ಜಂಗಮರು ಬಂದರು. ಚನ್ನಾಜಿ ಜಗಲಿಯಲ್ಲಿ ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ಜೋಳಿಗೆ ಕಂಡದ್ದೇ ತಡ, ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಬೆನ್ನ ಹಿಂದೆ ಇಟ್ಟುಕೊಂಡಳು. ಗಂಜಿಯೆಲ್ಲ ಲಂಗದ ಮೇಲೆ ಚೆಲ್ಲಿತು. ಆದರೂ ಬಟ್ಟಲು ಬಿಡಲಿಲ್ಲ. ಗುರುಪಾದಸ್ವಾಮಿಗಳು ಅದನ್ನು ಕಂಡರು. ಜೋಳಿಗೆಯನ್ನು ಮಡಿಚಿ ಕಂಕುಳಲ್ಲಿ ಅವುಚಿಕೊಂಡು, "ನಂಗೇನೂ ಬ್ಯಾಡ ಕಣವ್ವ, ನೀನುಣ್ಣು" ಎಂದು ಹೇಳಿ ಬರಿಗೈಯಲ್ಲಿ ಮುಂದಿನ ಮನೆಗೆ ಹೋದರು. ನಾನು ಒಂದು ವರ್ಷ ಕಲಿಸಿದ್ದನ್ನು ನೀವು ಒಂದು ಮಧ್ಯಾಹ್ನದಲ್ಲಿ ಮರೆಸಿದಿರಿ.

ಆದ್ದರಿಂದ ನನ್ನ ಬೇಡಿಕೆ ಇದು. ಹಾಲು ಕುಡಿಯುವ, ಗಂಜಿ ಕುಡಿಯುವ ಮಗುವಿನ ಆಹಾರವನ್ನೂ ತವರಿನ ಮಡಿಲಕ್ಕಿಯನ್ನೂ ಯಾವ ಗೇಟಿನಲ್ಲಿಯೂ ಮುಟ್ಟಕೂಡದೆಂದು ಕನ್ನಡದಲ್ಲಿ ಆಜ್ಞೆ ಬರೆದು ಆ ಗೇಟಿನ ಮರಕ್ಕೇ ಮೊಳೆ ಹೊಡೆಸಿ. ಎಂಟು ದಿನದೊಳಗೆ ಎರಡು ಸೇರು ಹಳೆ ಅಕ್ಕಿ ನಮ್ಮ ಮನೆಗೆ ಬರಬೇಕು. ಪೇದೆಯ ಕೈಯಲ್ಲಿ ಕಳಿಸಬೇಡಿ, ನೀವೇ ತನ್ನಿ. ಜೊತೆಗೆ ನಿಮ್ಮ ಮನೆಯ ಮುತ್ತೈದೆಯನ್ನೂ ಕರೆತನ್ನಿ, ಐದು ಬೊಗಸೆ ನನ್ನ ಮಡಿಲಿಗೆ ಹಾಕಲು. ಮಡಿಲು ತುಂಬುವುದು ಹೆಂಗಸರ ಕೆಲಸ. ಬರಿದು ಮಾಡುವುದು ಗಂಡಸರ ಉದ್ಯೋಗವೆಂದು ನಿಮ್ಮಿಂದ ತಿಳಿದೆ. ಬಾಗಿಲಿಗೆ ಬಂದಾಗ ದಯವಿಟ್ಟು ಚೀಲವನ್ನು ಹೊರಗೇ ಬಿಡಿ, ಅಕ್ಕಿಯನ್ನು ಬೊಗಸೆಯಲ್ಲಿ ಹಿಡಿದು ಒಳಗೆ ಬನ್ನಿ. ಚನ್ನಾಜಿಯ ಎದುರು ಕೆಳಗೆ ಕುಳಿತು ಅವಳ ಕೈಗೆ ಒಂದು ಹಿಡಿ ಹಾಕಿ. ಅವಳು ತೆಗೆದುಕೊಳ್ಳುವವರೆಗೂ ಕಾಯಬೇಕು. ಬಹಳ ಹೊತ್ತು ಕಾಯಬೇಕಾಗಬಹುದು. ನಿಮಗೆ ಶರಣು ಅನ್ನು ಎಂದು ನಾನು ಅವಳಿಗೆ ಹೇಳಿಕೊಡುವುದಿಲ್ಲ.

ಇಂತಿ,
ನಿಮ್ಮ ರಸೀದಿಯ ಪ್ರಕಾರ ಆ ಬಸ್ಸಿನಲ್ಲಿ ಇರದೇ ಇದ್ದ,
ಚನ್ನಾಜಿಯ ತಾಯಿ ಶಿವರತ್ನಮ್ಮ
ಯಳಂದೂರು