ಪಟ್ಟಿಯಲ್ಲಿಲ್ಲದ ಹೆಸರು

ಇದನ್ನೂ ಬರೆದುಬಿಡಲೇ, ಇಲ್ಲ ಸಾಯಂಕಾಲ ಎದುರು ಕೂತು ಹೇಳಲೇ? ಅಕ್ಕ ಸಂಘಮಿತ್ರ ಇನ್ನೂ ಎದ್ದಿರಲಿಲ್ಲ. ಸಿದ್ಧಾರ್ಥ್ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂಬದಿಗೆ ಬರೆದ:

"ಅಕ್ಕ, ಚಿಕ್ಕಬಳ್ಳಾಪುರಕ್ಕೆ ಹೋಗ್ತಿದ್ದೀನಿ.

ಮುದ್ದೆ ನೀನು ತಿರುವಬೇಡ. ಹೋದ ಸಲ ಕೋಲು ಹಿಡಿದಿದ್ದಕ್ಕೇ ಏದುಸಿರು ಬಂತು. ಅಮ್ಮ ಹೊಲದಿಂದ ಬಂದು ಮಾಡ್ತಾಳೆ. ಸ್ಟವ್ ಹಚ್ಚಿದರೆ ಅಲ್ಲೇ ಕೂತಿರು, ಮರೆತು ಆಚೆ ಹೋಗ್ತೀಯ.

ಕೋವಿಡ್ ಹೋದಮೇಲೂ ನರಳ್ತಿರೋರಿಗೆ ಸರ್ಕಾರದ ಶಿಬಿರ ಇದೆ ಅಂದಿದ್ದೆನಲ್ಲ? ನಿನ್ನೆ ಹೋಗಿ ಕೇಳಿದೆ. ಮನೆಮನೆ ಸಮೀಕ್ಷೆಯ ಪಟ್ಟಿಯಲ್ಲಿ ಇರೋರನ್ನು ಮಾತ್ರ ನೋಡ್ತಾರಂತೆ. ನಿನ್ನ ಹೆಸರಿಲ್ಲ. ಆ ಗುಮಾಸ್ತ ಮೊಬೈಲಿಂದ ತಲೆ ಎತ್ತದೆ, 'ನಿಮ್ಮನೇಲಿ ಯಾರಿಗೂ ಏನೂ ಇಲ್ಲ ಅಂತ ಬರ್ಕೊಂಡಿದ್ದಾರಲ್ಲಪ್ಪ' ಅಂದ. ಅವನ ಹಿಂದಿನ ಗೋಡೆ ತುಂಬ 'ಸುಸ್ತನ್ನು ಕಡೆಗಣಿಸಬೇಡಿ' ಅಂತ ಬಣ್ಣಬಣ್ಣದ ಪೋಸ್ಟರು. ನಾಲ್ಕು ವರ್ಷದಿಂದ ಊರವರ ಬಾಯಲ್ಲಿ ಸೋಮಾರಿ ಅನ್ನಿಸಿಕೊಂಡೋಳಿಗೆ ಅವರ ಕಾಗದದಲ್ಲಿ ಒಂದು ಸಾಲು ಜಾಗ ಇಲ್ಲ. ವಾಕರಿಕೆ ಬರುತ್ತೆ ಕಣಕ್ಕ.

ನಾಳೆ ಶಿಬಿರದ ಕೊನೇ ದಿನ. ನಿನ್ನ ಹಳೇ ರಿಪೋರ್ಟು, ಸ್ಕ್ಯಾನು ಎಲ್ಲ ತಗೊಂಡಿದ್ದೀನಿ. ಇವತ್ತು ಹೆಸರು ಸೇರಿಸದೆ ಬರಲ್ಲ. ನೀನು ನಾಳೆ ಹೊರಡೋಕೆ ತಯಾರಾಗಿರು.

ಸಿದ್ದು"

ಚೀಟಿಯನ್ನು ಅವಳ ಮಾತ್ರೆ ಡಬ್ಬಿಯ ಕೆಳಗಿಟ್ಟು ಬಸ್ಸಿಗೆ ಹೊರಟ.

ಸಮೀಕ್ಷೆಗೆ ಆಶಾ ಕಾರ್ಯಕರ್ತೆ ಬಂದ ದಿನ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಒಳಗೆ ಕೂತಿದ್ದರು. ಅವಳ ಕಾಯಿಲೆಯ ಮಾತು ಅವರ ಕಿವಿಗೆ ಬೀಳದಿರಲೆಂದು ಬಾಗಿಲಲ್ಲೇ ಅಡ್ಡ ನಿಂತು, "ನಮ್ಮನೇಲಿ ಯಾರಿಗೂ ಏನೂ ಇಲ್ಲ" ಎಂದು ಆಕೆಯನ್ನು ಸಾಗಹಾಕಿದವನು ತಾನೇ ಎಂದು ಅವನು ಅಕ್ಕನಿಗೆ ಯಾವತ್ತೂ ಹೇಳಲಿಲ್ಲ.