ಸಾಹೇಬರಿಗೊಂದು ದರ

ಅಕ್ಕನ ಮನೆ,
ಭಾನುವಾರ ಮಧ್ಯಾಹ್ನ

ನನ್ನವರಿಗೆ,

ನಿಮ್ಮ ಕ್ಷೇಮ ವಿಚಾರಿಸುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ, ವಿಚಾರಿಸುತ್ತಿದ್ದೇನೆ. ಮಂಡಿನೋವು ಹೇಗಿದೆ? ಬಿಸಿಲಲ್ಲಿ ಅಂಗಡಿ ಅಂಗಡಿ ಸುತ್ತಿ ಸರ್ಕಾರಕ್ಕೆ ಬೆಲೆ ಬರೆದುಕೊಳ್ಳುವಾಗ ನೀರಿನ ಬಾಟಲಿ ಒಯ್ಯುತ್ತೀರಾ?

ನಾನು ಇಲ್ಲಿಗೆ ಬಂದು ಏಳು ತಿಂಗಳಾಯಿತು. ಅಕ್ಕನ ಎದುರಿಗೇ ನೀವಂದ ಮಾತು ಇನ್ನೂ ಕಿವಿಯಲ್ಲಿದೆ. ಸರ್ಕಾರದ ಲೆಕ್ಕದ ಪ್ರಕಾರ ಬೆಲೆ ಏರಿದ್ದು ನೂರಕ್ಕೆ ನಾಲ್ಕು, ನಮ್ಮ ಮನೆ ಖರ್ಚು ಮಾತ್ರ ನೂರಕ್ಕೆ ಹನ್ನೆರಡು ಏರಿದ್ದು ಹೇಗೆ, ಇವಳ ಕೈ ಸಡಿಲ, ಇವಳು ದುಂದುಗಾತಿ ಅಂದಿರಿ. ಸಿಟ್ಟು ನೆತ್ತಿಗೇರಿ ಬಟ್ಟೆಬರೆ ಕಟ್ಟಿಕೊಂಡು ಹೊರಟೆ.

ಅಂದು ನುಂಗಿಕೊಂಡಿದ್ದನ್ನು ಈಗ ಹೇಳುತ್ತೇನೆ. ನೀವು ಪ್ರತಿ ತಿಂಗಳು ಬೆಲೆ ಕೇಳುವ ಮೂಲೆಯಂಗಡಿಯವರು ನಿಮ್ಮನ್ನು ತಪಾಸಣೆಯ ಸಾಹೇಬರೆಂದೇ ತಿಳಿದಿದ್ದಾರೆ. ಜಾಸ್ತಿ ಹೇಳಿದರೆ ದಂಡ ಬೀಳುತ್ತದೆಂಬ ಭಯ ಅವರಿಗೆ. ಹಾಗಾಗಿ ಎಣ್ಣೆಗೆ ನಿಮಗೊಂದು ದರ, ನಮಗೆಲ್ಲ ಇನ್ನೊಂದು. ಒಮ್ಮೆ ಚೌಕಾಸಿ ಮಾಡಿದಾಗ ಅವರೇ ಬಾಯಿಬಿಟ್ಟರು, ಸಾಹೇಬ್ರ ರೇಟಿಗೆ ಕೊಟ್ರೆ ನಾನು ಅಂಗಡಿ ಮುಚ್ಬೇಕಾಗುತ್ತಮ್ಮ ಎಂದು. ನಾವಿಬ್ಬರೂ ಒಟ್ಟಿಗೆ ಆ ಅಂಗಡಿಗೆ ಹೋದದ್ದೇ ಇಲ್ಲವಲ್ಲ, ನಾನು ನಿಮ್ಮ ಹೆಂಡತಿಯೆಂದು ಅವರಿಗೆ ಗೊತ್ತಿರಲಿಲ್ಲ.

ನಿಮಗೆ ಹೇಳಲು ಮನಸ್ಸು ಬರಲಿಲ್ಲ. ಟಿವಿಯಲ್ಲಿ ಬೆಲೆಯೇರಿಕೆಯ ಅಂಕಿ ಬಂದ ದಿನ, ಅದರಲ್ಲಿ ನಮ್ಮ ಬೀದಿ ಎಣ್ಣೆನೂ ಇದೆ ಕಣೇ ಎಂದು ಹಿಗ್ಗುತ್ತಿದ್ದಿರಿ. ಆ ಮುಖ ಬಾಡುವುದನ್ನು ನಾನು ಹೇಗೆ ನೋಡಲಿ? ಎರಡು ವರ್ಷ ನೆರೆಯವರ ಪರದೆ, ದಿಂಬಿನ ಚೀಲ ಹೊಲಿದು ಕೊರತೆ ತುಂಬಿಸಿದೆ. ನೀವು ಬರುವಷ್ಟರಲ್ಲಿ ಮೆಷಿನ್ ಮುಚ್ಚಿಡುತ್ತಿದ್ದೆ. ಅದೂ ಸಾಲದಾದಾಗಲೇ ಮನೆ ಖರ್ಚಿಗೆ ಇನ್ನಷ್ಟು ದುಡ್ಡು ಬೇಕೆಂದು ನಿಮ್ಮನ್ನು ಕೇಳಿದ್ದು.

ಇಲ್ಲಿ ಅಕ್ಕ ಭಾವ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೂ ಸಂಜೆ ಆರಕ್ಕೆ ಮೆಟ್ಟಿಲ ಮೇಲೆ ಯಾರದೇ ಚಪ್ಪಲಿ ಸದ್ದಾದರೂ ಕೈಕೆಲಸ ನಿಲ್ಲುತ್ತದೆ. ನಿಮ್ಮನ್ನು ನೋಡಬೇಕು ಅನಿಸುತ್ತದೆ.

ನಿಮ್ಮ
ದುಂದುಗಾತಿ

ಮತ್ತೆ: ಇದನ್ನು ಬರೆಯಬಾರದೆಂದಿದ್ದೆ. ಮೊನ್ನೆ ಗುರುವಾರ ಅಕ್ಕನಿಗೂ ಹೇಳದೆ ನಮ್ಮ ಬೀದಿಗೆ ಬಂದಿದ್ದೆ. ಮೂಲೆಯಂಗಡಿಯಲ್ಲಿ ನೀವಿದ್ದಿರಿ. ನಾನು ಮೂಟೆಗಳ ಹಿಂದೆ ಸರಿದೆ. ನಿಮ್ಮ ಕೈಯಲ್ಲಿ ಬೆಲೆಯ ಹಾಳೆ ಇರಲಿಲ್ಲ, ನನ್ನ ಫೋಟೊ ಇತ್ತು. ಇವರಿಗೆ ಎಣ್ಣೆ ಎಷ್ಟಕ್ಕೆ ಕೊಡ್ತಿದ್ರಿ ಎಂದು ಕೇಳಿದಿರಿ. ಅವರು ಬಾಯಿ ತೆರೆಯುವ ಮೊದಲೇ ನನಗೆ ಅಳು ಬಂತು, ಬಸ್ಸಿಗೆ ಓಡಿದೆ. ಅವರು ಹೆದರಿ ನಿಮಗೆ ಹಳೆಯ ಸುಳ್ಳನ್ನೇ ಹೇಳಿರಬಹುದು. ಬಂದು ನನ್ನನ್ನೇ ಕೇಳಿ.